ಮಡಕೆಯ ಮೈಮೇಲೆ ಗ್ರೀಕ್ ಪುರಾಣ

ಪ್ರಾಚೀನ ಗ್ರೀಸಿನ ಚಿತ್ರಿತ ಮಡಕೆಗಳಿಗೆ ಒಂದೊಂದಕ್ಕೂ ಒಂದೊಂದು ಬಳಕೆಯಿತ್ತು. ಎರಡು ಹಿಡಿಕೆಯ ಆಂಫೊರಾದಲ್ಲಿ ಎಣ್ಣೆ, ದ್ರಾಕ್ಷಾರಸ ತುಂಬಿಡುತ್ತಿದ್ದರು. ದ್ರಾಕ್ಷಾರಸಕ್ಕೆ ನೀರು ಬೆರೆಸಲು ಅಗಲ ಬಾಯಿಯ ಕ್ರೇಟರ್, ನೀರು ತರಲು ಹೈಡ್ರಿಯಾ, ಕುಡಿಯಲು ಕೈಲಿಕ್ಸ್ ಇದ್ದವು. ಇವುಗಳ ಮೈಮೇಲೆ ದೇವತೆಗಳ, ವೀರರ ಕಥೆಗಳು ಮೂಡಿದವು. ಆ ಕಾಲದ ಗೋಡೆಚಿತ್ರಗಳೂ ಹಲಗೆಚಿತ್ರಗಳೂ ಬಹುಪಾಲು ಅಳಿದುಹೋಗಿರುವುದರಿಂದ ಗ್ರೀಕ್ ಚಿತ್ರಕಲೆಯನ್ನು ಅರಿಯಲು ಈ ಮಡಕೆಗಳೇ ಮುಖ್ಯ ಆಧಾರ.

ಎಲ್ಯೂಸಿಸ್‌ನಲ್ಲಿ ಸಿಕ್ಕ, ಕ್ರಿ.ಪೂ. 650ರ ಸುಮಾರಿನ ದೊಡ್ಡ ಆಂಫೊರಾ ಆರಂಭದ ಉದಾಹರಣೆಗಳಲ್ಲೊಂದು. 1.42 ಮೀಟರ್ ಎತ್ತರದ ಇದರ ಕೊರಳಿನ ಭಾಗದಲ್ಲಿ ವೀರ ಒಡಿಸ್ಯೂಸ್ ಮತ್ತವನ ಸಂಗಡಿಗರು ಒಕ್ಕಣ್ಣ ದೈತ್ಯ ಪಾಲಿಫೀಮಸನ ಕಣ್ಣಿಗೆ ಗೂಟ ಚುಚ್ಚುತ್ತಿದ್ದಾರೆ. ದೈತ್ಯನ ಕೈಯಲ್ಲಿ ಇನ್ನೂ ಬಟ್ಟಲಿದೆ. ಅವನಿಗೆ ಕುಡಿಸಿ ಮತ್ತೇರಿಸಿದ್ದೂ ಕಣ್ಣು ಇರಿದದ್ದೂ ಒಂದೇ ಚಿತ್ರದಲ್ಲಿ ಅಡಗಿವೆ.

ಕಪ್ಪು ಆಕೃತಿಗಳ ಶೈಲಿ ಕೊರಿಂಥ್‌ನಲ್ಲಿ ಹುಟ್ಟಿ, ಅಥೆನ್ಸಿನಲ್ಲಿ ಪ್ರೌಢವಾಯಿತು. ಅಥೆನ್ಸಿನ ಜೇಡಿಮಣ್ಣಿನಲ್ಲಿ ಕಬ್ಬಿಣದ ಅಂಶ ಹೆಚ್ಚು. ಆ ಮಣ್ಣಿನದೇ ನಯವಾದ ಕೆಸರಿನಿಂದ ಆಕೃತಿಗಳನ್ನು ತುಂಬಿ, ಮೊನಚಾದ ಸಲಕರಣೆಯಿಂದ ವಿವರಗಳನ್ನು ಗೀರುತ್ತಿದ್ದರು. ಆವಿಗೆಗೆ ಮೊದಲು ಗಾಳಿ ಬಿಟ್ಟರೆ ಮಡಕೆಯೆಲ್ಲ ಕೆಂಪು, ಗಾಳಿ ತಡೆದು ಹೊಗೆಯೇಳಿಸಿದರೆ ಎಲ್ಲ ಕಪ್ಪು. ಮತ್ತೆ ಗಾಳಿ ಬಿಟ್ಟಾಗ ಬರಿಯ ಮಣ್ಣು ಕೆಂಪಿಗೆ ಮರಳುತ್ತಿತ್ತು. ಗಾಜಿನಂತೆ ಬಿಗಿದ ಕೆಸರಿನ ಲೇಪ ಕಪ್ಪಾಗಿಯೇ ಉಳಿಯುತ್ತಿತ್ತು.

ಈ ಶೈಲಿಯ ಮೇರುಕೃತಿ, ಫ್ಲಾರೆನ್ಸಿನ ವಸ್ತುಸಂಗ್ರಹಾಲಯದಲ್ಲಿರುವ ಫ್ರಾಂಸ್ವಾ ಕ್ರೇಟರ್. ಕ್ರಿ.ಪೂ. 570ರ ಸುಮಾರಿಗೆ ಎರ್ಗೊಟಿಮೋಸ್ ಮಾಡಿದ ಈ ಪಾತ್ರೆಗೆ ಚಿತ್ರ ಬರೆದವನು ಕ್ಲೈಟಿಯಾಸ್. ಪೆಲಿಯಸ್–ಥೆಟಿಸರ ಮದುವೆಯ ಮೆರವಣಿಗೆ, ಕ್ಯಾಲಿಡಾನಿನ ಹಂದಿಬೇಟೆ ಮುಂತಾದ ಪ್ರಸಂಗಗಳು ಸಾಲುಸಾಲಾಗಿ ಇನ್ನೂರಕ್ಕೂ ಹೆಚ್ಚು ಆಕೃತಿಗಳಲ್ಲಿ ಹಬ್ಬಿವೆ. ಹಲವು ಆಕೃತಿಗಳ ಪಕ್ಕದಲ್ಲಿ ಹೆಸರೂ ಇದೆ.

ಮುಂದಿನ ತಲೆಮಾರಿನ ಚಿತ್ರಕಾರ ಎಕ್ಸೀಕಿಯಾಸ್ ಗುಂಪನ್ನು ಬಿಟ್ಟು, ಒಂದೇ ಗಳಿಗೆಯನ್ನು ಆರಿಸಿಕೊಂಡ. ವ್ಯಾಟಿಕನ್ನಿನಲ್ಲಿರುವ ಅವನ ಆಂಫೊರಾದಲ್ಲಿ ಗ್ರೀಕ್ ವೀರರಾದ ಅಕಿಲೀಸ್ ಮತ್ತು ಏಜಾಕ್ಸ್ ಈಟಿ ಹಿಡಿದೇ ಪಗಡೆಯಾಟದಲ್ಲಿ ತಲೆಬಾಗಿ ಕುಳಿತಿದ್ದಾರೆ. ಅಕಿಲೀಸನ ಬಾಯಿಂದ ‘ನಾಲ್ಕು’, ಏಜಾಕ್ಸನ ಬಾಯಿಂದ ‘ಮೂರು’ ಎಂಬ ಅಕ್ಷರಗಳು ಹೊರಟಿವೆ. ಹೋಮರನ ಕಾವ್ಯಗಳಲ್ಲಿ ಈ ಪ್ರಸಂಗವಿಲ್ಲ. ಅಕಿಲೀಸ್ ಯುದ್ಧದಲ್ಲಿ ಮಡಿಯುತ್ತಾನೆ, ಏಜಾಕ್ಸ್ ತನ್ನ ಕತ್ತಿಗೆ ತಾನೇ ಬೀಳುತ್ತಾನೆ ಎಂಬುದನ್ನು ಬಲ್ಲ ನೋಡುಗನಿಗೆ ಈ ಶಾಂತ ಆಟವೇ ಎದೆ ಹಿಂಡುವಂಥದ್ದು.

ಕ್ರಿ.ಪೂ. 520ರ ಸುಮಾರಿಗೆ ಅಥೆನ್ಸಿನಲ್ಲಿ ಕ್ರಮ ತಿರುಗಿತು: ಹಿನ್ನೆಲೆ ಕಪ್ಪಾಯಿತು, ಆಕೃತಿ ಕೆಂಪಾಗಿ ಉಳಿಯಿತು. ಗೀರುವ ಬದಲು ಕುಂಚದಿಂದ ಗೆರೆಯೆಳೆಯುವಂತಾದ್ದರಿಂದ ಸ್ನಾಯು, ಬಟ್ಟೆಯ ನೆರಿಗೆ, ಮೈಯ ತಿರುವು ಸಹಜವಾಗಿ ಬಂದವು. ಈ ಶೈಲಿಯ ಚಿತ್ರಕಾರ ಯೂಫ್ರೋನಿಯಸ್ ತನ್ನ ಕ್ರೇಟರಿನಲ್ಲಿ ಜ್ಯೂಸನ ಮಗ ಸಾರ್ಪೆಡಾನನ ಹೆಣವನ್ನು ನಿದ್ರೆ ಮತ್ತು ಮೃತ್ಯು ಎಂಬ ರೆಕ್ಕೆಯುಳ್ಳ ಸೋದರರು ಎತ್ತುವುದನ್ನು ಚಿತ್ರಿಸಿದ.

ಹೆಸರು ಬರೆಯದಿದ್ದರೂ ಪಾತ್ರಗಳನ್ನು ಗುರುತಿಸಬಹುದು. ಸಿಂಹದ ತೊಗಲು, ಗದೆ ಇದ್ದರೆ ಹೆರಾಕ್ಲಿಸ್, ತ್ರಿಶೂಲವಿದ್ದರೆ ಪೊಸೈಡನ್, ಶಿರಸ್ತ್ರಾಣ ತೊಟ್ಟ ದೇವಿ ಅಥೀನಾ.

ಅಥೆನ್ಸಿನ ಮಡಕೆಗಳು ಸಮುದ್ರ ದಾಟಿ ಇಟಲಿಯ ಎಟ್ರುಸ್ಕನ್ನರ ಕೈಸೇರಿ, ಅವರ ಗೋರಿಗಳಲ್ಲಿ ಇಡಿಯಾಗಿ ಉಳಿದವು. ಅದೇ ಗೋರಿಗಳಿಗೆ ಕಳ್ಳರ ಕಾಟವೂ ಬಂತು. ಇಟಲಿಯ ಚೆರ್ವೆಟೆರಿಯಿಂದ ಕದ್ದು ಸಾಗಿಸಿದ ಯೂಫ್ರೋನಿಯಸನ ಕ್ರೇಟರನ್ನು ನ್ಯೂಯಾರ್ಕಿನ ಮೆಟ್ರೋಪಾಲಿಟನ್ ವಸ್ತುಸಂಗ್ರಹಾಲಯ 1972ರಲ್ಲಿ ಕೊಂಡಿತ್ತು. 2008ರಲ್ಲಿ ಅದು ಇಟಲಿಗೆ ಮರಳಿ, ಈಗ ಚೆರ್ವೆಟೆರಿಯ ವಸ್ತುಸಂಗ್ರಹಾಲಯದಲ್ಲಿದೆ.