ಮೇಜಿನ ಮೇಲಣ ರಣಭೂಮಿ

ಚತುರಂಗವೆಂದರೆ ಆನೆ, ಕುದುರೆ, ರಥ, ಕಾಲಾಳುಗಳೆಂಬ ನಾಲ್ಕು ಅಂಗಗಳ ಸೇನೆ. ಅದೇ ಹೆಸರಿನ ಆಟದಲ್ಲಿ ಬೆಟ್ಟವಿಲ್ಲ, ಹಳ್ಳವಿಲ್ಲ; ನೆಲವೆಲ್ಲ ಸಮ. ನಿಜವಾದ ಯುದ್ಧದಲ್ಲಿಯಾದರೋ ನೆಲವೇ ಅರ್ಧ ಬಲ. ಯಾವ ಅಂಗಕ್ಕೆ ಎಂತಹ ಭೂಮಿ ತಕ್ಕುದೆಂಬುದನ್ನು ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ವಿವರಿಸಿರುವನು. 1812ರಲ್ಲಿ ಪ್ರಷ್ಯದ ರೈಸ್‌ವಿಟ್ಸ್ ಎಂಬವನು ನೆಲದ ತುಂಡುಗಳನ್ನು ಬೇಕಾದಂತೆ ಜೋಡಿಸಬಹುದಾದ ಮೇಜೊಂದನ್ನು ತನ್ನ ದೊರೆಗೆ ಒಪ್ಪಿಸಿದನು. ಬೊಂಬೆ ಸೈನಿಕರನ್ನಿಟ್ಟು ಆಡುವ ಇಂದಿನ ಕದನದಾಟವು ಆ ಪರಂಪರೆಗೆ ಸೇರಿದುದು. ಅದಕ್ಕೆ ಬೇಕಾದ ಗುಡ್ಡ ಕೋಟೆಗಳು ಬಣ್ಣ ಬಳಿದು ಸಿದ್ಧವಾಗಿಯೇ ಈಗ ಕ್ರಯಕ್ಕೆ ದೊರೆಯುತ್ತವೆ. ಮಕ್ಕಳಿಗಾಗಿ ಇವನ್ನು ಕೊಳ್ಳುವ ಗೃಹಸ್ಥರು ಕೆಲವು ಅಂಶಗಳನ್ನು ಗಮನಿಸತಕ್ಕದ್ದು.

ಮೊದಲನೆಯದು ಅಳತೆ. ಸಾಮಾನ್ಯವಾಗಿ ಬೊಂಬೆಯ ಎತ್ತರ 28 ಮಿಲಿಮೀಟರು. ಆ ಲೆಕ್ಕದಲ್ಲಿ ಒಂದು ಅಂಗುಲವು ಸುಮಾರು 5 ಅಡಿಗೆ ಸಮ. 300 ಅಡಿಯ ಬೆಟ್ಟವನ್ನು ತೋರಿಸಲು ಮೇಜಿನ ಮೇಲೆ 5 ಅಡಿ ಎತ್ತರ ಬೇಕಾದೀತು! ಆದುದರಿಂದ ಗುಡ್ಡವು ಸಂಕೇತವಾಗಿದ್ದರೆ ಸಾಕು. ಮನೆಯ ಬಾಗಿಲು ಮಾತ್ರ ಬೊಂಬೆಗೆ ಹೊಂದಬೇಕು. ಗುಡ್ಡವು ಮೆಟ್ಟಿಲು ಮೆಟ್ಟಿಲಾಗಿದ್ದು ಬೊಂಬೆಗಳು ಜಾರದೆ ನಿಲ್ಲುವಂತಿರಲಿ, ಬುಡವು ಅಲುಗದಿರಲಿ.

ಎರಡನೆಯದು ಬಣ್ಣ. ಅಂಗಡಿಯ ಗುಡ್ಡಗಳು ಬಹುಮಟ್ಟಿಗೆ ಯೂರೋಪಿನ ಹಚ್ಚ ಹಸುರು. ಮೊಳಕಾಲ್ಮೂರಿನ ಗುಂಡುಬಂಡೆಗಳಿಗೂ ಚಳ್ಳಕೆರೆಯ ಬಯಲಿಗೂ ವೇದಾವತಿಯ ಮರಳಿಗೂ ಅದು ಒಪ್ಪದು. ಚಿತ್ರದುರ್ಗದ ನಾಯಕರಿಗೂ ಹೈದರಾಲಿಗೂ 1779ರಲ್ಲಿ ನಡೆದ ಹೋರಾಟವನ್ನು ಆಡುವ ಬಾಲಕನಿಗೆ ಕಂದು, ಬೂದು ಬಣ್ಣದ ಬಂಡೆಗಳೇ ಬೇಕು. ಒಂದೇ ಹಲಗೆಗೆ ಅಂಟಿಸಿದ ದೃಶ್ಯಕ್ಕಿಂತ ಬಿಡಿ ತುಂಡುಗಳು ಲೇಸು. ಪ್ರತಿ ಸಲವೂ ಹೊಸ ರಣರಂಗವನ್ನು ಕಟ್ಟಬಹುದು. ಕೊರತೆಯನ್ನು ಹೊಲದ ಕಲ್ಲುಗಳೇ ತುಂಬುವುವು. ಉಗುರು ತಾಗಿದೊಡನೆ ಏಳುವ ಬಣ್ಣವನ್ನು ಕೊಳ್ಳಬೇಡಿ. 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ 2021ರ ಜನವರಿ 1ರಿಂದ ಐ.ಎಸ್.ಐ. ಗುರುತು ಕಡ್ಡಾಯವಾಗಿದೆ, ಚಿಕ್ಕವರು ಮುಟ್ಟುವ ವಸ್ತುವಿನಲ್ಲಿ ಅದನ್ನು ಹುಡುಕಿರಿ.

ಮೂರನೆಯದು ನ್ಯಾಯ. ಎತ್ತರವೆಲ್ಲ ಒಬ್ಬನ ಪಾಲಾದರೆ ಆಟ ಕೆಡುವುದು. ಒಮ್ಮೆ ಆಡಿ, ಪಕ್ಷಗಳನ್ನು ಬದಲಿಸಿ ಮತ್ತೊಮ್ಮೆ ಆಡಿಸಿರಿ. ಗೆದ್ದುದು ಬುದ್ಧಿಯೋ ಬೆಟ್ಟವೋ ತಿಳಿಯುವುದು.

ಮಕ್ಕಳಿಗೆ ಯುದ್ಧದಾಟವೇ ಸಲ್ಲದೆಂಬ ಹಿರಿಯರುಂಟು. ಅವರ ಅಳುಕು ನಿರಾಧಾರವಲ್ಲ. ಮೇಜಿನ ಮೇಲೆ ಬಿದ್ದ ಬೊಂಬೆಗೆ ನೋವಿಲ್ಲ, ಮನುಷ್ಯನಿಗುಂಟು. ಆದರೆ ಅದಕ್ಕೆ ಮದ್ದೂ ನಮ್ಮ ಸೀಮೆಯಲ್ಲಿಯೇ ಇದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1892ರಲ್ಲಿ ರೈಸರು ಅಶೋಕನ ಶಾಸನವನ್ನು ಕಂಡುಹಿಡಿದರು. ಕಳಿಂಗವನ್ನು ಗೆದ್ದು ಪಶ್ಚಾತ್ತಾಪಪಟ್ಟ ಆ ಚಕ್ರವರ್ತಿಯು ಈ ಬಂಡೆಯ ಮೇಲೆ ತಾಯಿತಂದೆಗಳ ಸೇವೆ, ಜೀವದಯೆ, ಸತ್ಯವಚನಗಳನ್ನು ಬರೆಯಿಸಿರುವನು. ಬೊಂಬೆಯ ಗುಡ್ಡವನ್ನು ಕೊಡಿಸಿದ ತಂದೆಯು ಮಕ್ಕಳಿಗೆ ಈ ಬಂಡೆಯನ್ನೂ ತೋರಿಸಲಿ.