ಗಾಡಿ ನಮ್ಮದು, ಹೆಸರು ಯಾರದು?

ನಮ್ಮ ಮನೆಯ ಯೆಜ್ಡಿಗೆ ನನಗಿಂತ ಹೆಚ್ಚು ವಯಸ್ಸು. ಕಾಕಾ ಅದನ್ನು ಬೇರೆ ಯಾರಿಗೂ ಮುಟ್ಟಗೊಡುವುದಿಲ್ಲ. ಕಿಕ್ ಹೊಡೆಯುವ ಲಿವರೇ ಗೇರ್ ಕೂಡ ಆಗಿರುವ ಗಾಡಿ ಎಂದರೆ ಈಗಿನ ಹುಡುಗರು ನಂಬುವುದೇ ಇಲ್ಲ. ಅಕ್ಕಿಆಲೂರಿನ ಸಂತೆಯಲ್ಲಿ ಅದರ ಎರಡು ಸೈಲೆನ್ಸರ್‌ಗಳ ಸದ್ದು ಕೇಳಿದರೆ ಸಾಕು, ಕಾಕಾ ಬಂದರು ಎಂದು ಗೊತ್ತಾಗುತ್ತದೆ.

2023ರ ಬೇಸಿಗೆಯಲ್ಲಿ ಇಂಥ ಗಾಡಿಗಳ ಏಳು ಜನ ಸೇರಿ ಬಳಗ ಕಟ್ಟಿಕೊಂಡೆವು. ಹಾನಗಲ್ಲಿನ ತಾರಕೇಶ್ವರ ಗುಡಿಯವರೆಗೆ ಒಂದು ಸವಾರಿ, ಅದಕ್ಕೆ ಟೀ ಶರ್ಟ್. ಎದೆಯ ಮೇಲೆ ಕಂಪನಿಯ ಲೋಗೊ, ಕೆಳಗೆ ಊರ ಹೆಸರು. ನಮಗೆ ಏಳು ಸಾಕಿದ್ದರೂ ನಲವತ್ತು ಮಾಡಿಸಿ, ಉಳಿದವನ್ನು ಮಾರಿ ಪೆಟ್ರೋಲ್ ಖರ್ಚು ತೆಗೆಯೋಣ ಎಂಬ ಲೆಕ್ಕ.

ಹುಬ್ಬಳ್ಳಿಯ ಪ್ರಿಂಟಿಂಗ್ ಅಂಗಡಿಯವರು ಡಿಸೈನ್ ನೋಡಿ, ‘ಕಂಪನಿ ಪರ್ಮಿಷನ್ ಐತೇನ್ರಿ?’ ಎಂದರು. ಗೆಳೆಯನಿಗೆ ಸಿಟ್ಟು. ‘ನಮ್ಮ ಗಾಡಿ, ನಮ್ಮ ಅಂಗಿ, ಯಾರನ್ನ ಕೇಳೂದು?’ ಕಾನೂನು ಓದುತ್ತಿದ್ದವನು ನಾನೊಬ್ಬನೇ. ಎಲ್ಲರೂ ನನ್ನ ಮುಖ ನೋಡಿದರು.

ಊರಿಗೆ ಬಂದು 1999ರ ಟ್ರೇಡ್‌ಮಾರ್ಕ್ ಕಾಯ್ದೆ ತೆರೆದೆ. ‘ನಾವು ಯೆಜ್ಡಿ ಓಡಿಸುವವರು’ ಎಂದು ಹೇಳಿಕೊಳ್ಳುವುದು ಬೇರೆ, ಆ ಲೋಗೊ ಹಾಕಿ ಸರಕು ಮಾರುವುದು ಬೇರೆ. ಮೊದಲನೆಯದು ಇದ್ದ ಗಾಡಿಗೆ ಇದ್ದ ಹೆಸರು ಹೇಳಿದಂತೆ. ಎರಡನೆಯದು ವ್ಯಾಪಾರ. ಕೊಂಡವನು ಇದು ಕಂಪನಿಯೇ ಒಪ್ಪಿದ ಅಂಗಿ ಎಂದುಕೊಂಡರೆ ತಪ್ಪು ನಮ್ಮದೇ. ಏಳು ಅಂಗಿಗೆ ಯಾರೂ ಬೆನ್ನು ಹತ್ತಲಿಕ್ಕಿಲ್ಲ. ಉಳಿದ ಮೂವತ್ತಮೂರರ ಚಿಂತೆ ನನ್ನದು.

ಹಾಗಾದರೆ ಅನುಮತಿ ಕೇಳೋಣ ಎಂದರೆ, ಯಾರಿಗೆ ಪತ್ರ ಬರೆಯುವುದು? ತಮಾಷೆ ಇರುವುದೇ ಇಲ್ಲಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಮುಚ್ಚಿದ್ದು 1996ರಲ್ಲಿ. ಆಮೇಲೆ ಕಂಪನಿ ಸಮಾಪನೆಗೆ ಹೋಯಿತು. ಅಂಥ ಕಂಪನಿಯ ಆಸ್ತಿ ಕೋರ್ಟಿನ ಅಧಿಕೃತ ಸಮಾಪಕರ ಕೈಗೆ ಬರುತ್ತದೆ. ಯಂತ್ರ, ಕಟ್ಟಡಗಳಂತೆ ಹೆಸರೂ ಆಸ್ತಿಯೇ. ಇತ್ತ ಸಂಸ್ಥಾಪಕರ ಮಗ ಬೊಮನ್ ಇರಾನಿ ಹೆಸರನ್ನು ತಮ್ಮದಾಗಿ ನೋಂದಾಯಿಸಿಕೊಂಡಿದ್ದರು. ಅವರೂ ಪಾಲುದಾರರಾಗಿರುವ ಕ್ಲಾಸಿಕ್ ಲೆಜೆಂಡ್ಸ್ 2022ರ ಜನವರಿಯಲ್ಲಿ ಹೊಸ ಯೆಜ್ಡಿಯನ್ನು ರಸ್ತೆಗಿಳಿಸಿತು. ಅದೇ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠ, ಹೆಸರು ಮುಚ್ಚಿದ ಕಂಪನಿಗೇ ಸೇರಿದ್ದು ಎಂದಿತು. ವಿಷಯ ಮೇಲ್ಮನವಿಗೆ ಹೋಯಿತು. ನಾವು ಅಂಗಿಯ ಚಿಂತೆಯಲ್ಲಿದ್ದದ್ದು ಸರಿಯಾಗಿ ಈ ನಡುವೆ!

ನನಗೆ ಒಂದು ಹೊಟ್ಟೆಕಿಚ್ಚು ಇದ್ದೇ ಇದೆ. ಕಾರ್ಖಾನೆ ಇಲ್ಲದ ಅಷ್ಟೂ ವರ್ಷ ಆ ಹೆಸರನ್ನು ಜೀವಂತ ಇಟ್ಟವರು ಹಳೇ ಬಿಡಿಭಾಗ ಹುಡುಕಿ ತಂದ ಮೆಕ್ಯಾನಿಕ್‌ಗಳು, ಬೆಂಗಳೂರು-ಮೈಸೂರಿನ ಕ್ಲಬ್‌ಗಳು, ನಮ್ಮ ಕಾಕಾನಂಥವರು. ಕಾಯ್ದೆಯ ಪುಸ್ತಕದಲ್ಲಿ ಅವರಿಗೊಂದು ಸಾಲೂ ಇಲ್ಲ.

ಕೊನೆಗೆ ಲೋಗೊ ಬಿಟ್ಟೆವು. ‘ಡುಗುಡುಗು ಬಳಗ, ಅಕ್ಕಿಆಲೂರು’ ಎಂದು ನಮ್ಮದೇ ಅಕ್ಷರದಲ್ಲಿ ಬರೆಸಿದೆವು. ಗೆಳೆಯ ಎರಡು ವಾರ ನನ್ನೊಡನೆ ಮಾತು ಬಿಟ್ಟ. ಮೂವತ್ತಮೂರರಲ್ಲಿ ಹನ್ನೊಂದು ಅಂಗಿ ಇನ್ನೂ ನಮ್ಮ ಅಟ್ಟದ ಮೇಲಿವೆ.

2025ರ ನವೆಂಬರ್‌ನಲ್ಲಿ ವಿಭಾಗೀಯ ಪೀಠ ಹಿಂದಿನ ತೀರ್ಪನ್ನು ರದ್ದುಪಡಿಸಿ, ಇರಾನಿಯವರ ಪರವಾಗಿ ತೀರ್ಪು ಕೊಟ್ಟಿತು. ಈಗ ಪತ್ರ ಬರೆಯಲು ಒಂದು ವಿಳಾಸ ಸಿಕ್ಕಿತು ಎಂದು ಹಿಗ್ಗಿ ಕಾಕಾಗೆ ಹೇಳಿದೆ. ಅವರು ಕೈಗೆ ಹತ್ತಿದ ಎಣ್ಣೆ ಒರೆಸುತ್ತಾ, ‘ಮೊದಲ ಈ ಕಾರ್ಬೊರೇಟರ್ ತೊಳಿ, ಆಮ್ಯಾಲ ಪತ್ರ ಬರಿಯಂತಿ’ ಎಂದರು.