ಪೆಟ್ಟಿಗೆ ಮೂರು, ಕಿಂಡಿ ಒಂದೇ!

"ಟಿವಿಯೊಳಗ ಬಾಯಿ ಆಡತೈತಿ, ಆವಾಜ ಬರವಲ್ದು!" ಹೋಮ್ ಥಿಯೇಟರ್ ಇರುವ ಮನೆಯವರೆಲ್ಲ ಕೇಳಿದ ಮಾತೇ ಇದು, ಅಲ್ಲವೇ? ಖಾನಾಪುರದಿಂದ ನಮ್ಮ ಅತ್ತೆಯವರ ಫೋನು ವಾರಕ್ಕೆರಡು ಸಲ ಇದೇ ವಿಷಯಕ್ಕೆ ಬರುತ್ತಿತ್ತು. ಟಿವಿ, ಸೆಟ್‌ಟಾಪ್ ಬಾಕ್ಸ್, ಡಿವಿಡಿ ಪ್ಲೇಯರ್ ಮೂರೂ ಡಿಜಿಟಲ್. ಹಳೆಯ ರಿಸೀವರಿನ ಬೆನ್ನಿಗೆ ಆಪ್ಟಿಕಲ್ ಕಿಂಡಿ ಮಾತ್ರ ಒಂದೇ. ಒಂದನ್ನು ಕಿತ್ತು ಇನ್ನೊಂದನ್ನು ಸಿಕ್ಕಿಸಬೇಕು. ಎಪ್ಪತ್ತು ದಾಟಿದವರು ಟಿವಿ ಹಿಂದೆ ಬಗ್ಗಿ ವೈರು ಹುಡುಕಲಾದೀತೇ?

ಹಾಗಂತ ಟಿವಿಯ ಆವಾಜಿಗೇ ತೃಪ್ತಿಪಡಿ ಎನ್ನಲೂ ಮನಸ್ಸು ಬಾರದು. ತೆಳ್ಳಗಿನ ಟಿವಿಗಳ ಸ್ಪೀಕರು ಕೆಳಕ್ಕೋ ಗೋಡೆಗೋ ಮುಖ ಮಾಡಿರುತ್ತವೆ. ನಮ್ಮ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರ ಭಜನೆ ಅದರಲ್ಲಿ ಕೇಳಿದರೆ ತಂಬೂರಿಯೇ ಮಾಯ!

"ಹೊಸ ರಿಸೀವರೇ ತಗೊಳ್ರಿ" ಎಂದು ಯಾರಾದರೂ ಹೇಳಿಯಾರು. ಖಡೇಬಜಾರಿಗೆ ಹೊರಡುವ ಮೊದಲು ಒಮ್ಮೆ ಟಿವಿಯ ಬೆನ್ನು ನೋಡಿ. ಅಲ್ಲಿ ಎಚ್‌ಡಿಎಂಐ ಕಿಂಡಿಗಳು ಎರಡು-ಮೂರು ಇರುತ್ತವೆ. ಎಲ್ಲ ಪೆಟ್ಟಿಗೆಗಳನ್ನೂ ಅವಕ್ಕೇ ಸಿಕ್ಕಿಸಿಬಿಡಿ. ಟಿವಿಯಿಂದ ರಿಸೀವರಿಗೆ ಒಂದೇ ಒಂದು ಆಪ್ಟಿಕಲ್ ವೈರು ಎಳೆಯಿರಿ. ಟಿವಿಯಲ್ಲಿ ಏನು ಕಾಣುತ್ತದೋ ಅದರ ಆವಾಜೇ ರಿಸೀವರಿಗೆ ಹೋಗುತ್ತದೆ, ಕಿತ್ತು ಸಿಕ್ಕಿಸುವ ಕೆಲಸವೇ ಇಲ್ಲ. ಖರ್ಚು ಕೆಲವು ನೂರು ರೂಪಾಯಿ, ಅಷ್ಟೇ.

ಆಪ್ಟಿಕಲ್ ವೈರಿನಲ್ಲಿ ಹರಿಯುವುದು ಕರೆಂಟಲ್ಲ, ಬೆಳಕು. ಟಿವಿ ಕಡೆ ಸಿಕ್ಕಿಸಿ ಇನ್ನೊಂದು ತುದಿ ನೋಡಿದರೆ ಕೆಂಪಗೆ ಮಿನುಗುತ್ತದೆ. ತುದಿಯ ಪುಟ್ಟ ಪ್ಲಾಸ್ಟಿಕ್ ಟೊಪ್ಪಿಗೆಯನ್ನು ಮೊದಲು ತೆಗೆಯಬೇಕು. ಸೀರೆಯಂತೆ ಮಡಿಕೆ ಹಾಕಿ ಮೂಲೆಗೆ ತುರುಕಿದರೆ ಒಳಗಿನ ಎಳೆ ಮುರಿದೀತು, ಅಗಲವಾಗಿ ಸುತ್ತಿಡಿ.

ಎಲ್ಲ ಸಿಕ್ಕಿಸಿದರೂ ಸದ್ದಿಲ್ಲವೇ? ಗಾಬರಿ ಬೇಡ. ರಿಸೀವರಿನಲ್ಲಿ ಆಪ್ಟಿಕಲ್ ಆರಿಸಿದ್ದೀರಾ ನೋಡಿ. ಆಮೇಲೆ ಟಿವಿಯ ಸೌಂಡ್ ಸೆಟ್ಟಿಂಗಿಗೆ ಹೋಗಿ, ಡಿಜಿಟಲ್ ಔಟ್‌ಪುಟ್ ಎಂಬಲ್ಲಿ 'ಪಿಸಿಎಂ' ಆರಿಸಿ. ಬಹಳಷ್ಟು ಸಲ ಇಷ್ಟಕ್ಕೇ ಬಾಯಿ ಬಿಡುತ್ತದೆ. ಪಿಸಿಎಂನಲ್ಲಿ ಆಪ್ಟಿಕಲ್ ವೈರು ಎರಡು ಸ್ಪೀಕರಿನ ಸ್ಟೀರಿಯೋ ಮಾತ್ರ ಒಯ್ಯುತ್ತದೆ. ಸಿನಿಮಾದ ಸುತ್ತುಧ್ವನಿ ಬೇಕೆನ್ನುವ ಯಜಮಾನರು ಗೊಣಗಬಹುದು, ಗೊಣಗಲಿ ಬಿಡಿ. ಧಾರಾವಾಹಿಗೂ ಭಜನೆಗೂ ಸ್ಟೀರಿಯೋ ಧಾರಾಳವಾಯಿತು.

ನಿಮ್ಮ ಟಿವಿ, ರಿಸೀವರ್ ಎರಡರಲ್ಲೂ ಎಚ್‌ಡಿಎಂಐ ಕಿಂಡಿಯ ಪಕ್ಕ 'ಎಆರ್‌ಸಿ' ಎಂದಿದ್ದರೆ ನೀವು ಅದೃಷ್ಟವಂತರು. 2009ರಲ್ಲಿ ಬಂದ ಸೌಲಭ್ಯವಿದು. ಆಪ್ಟಿಕಲ್ ಬಿಟ್ಟು ಒಂದು ಎಚ್‌ಡಿಎಂಐ ವೈರಿನಿಂದ ಆ ಎರಡು ಕಿಂಡಿಗಳನ್ನೇ ಜೋಡಿಸಿ. ಟಿವಿ ಸೆಟ್ಟಿಂಗಿನಲ್ಲಿ 'ಸಿಇಸಿ' ಆನ್ ಇದ್ದರೆ ಸಾಮಾನ್ಯವಾಗಿ ಟಿವಿಯ ರಿಮೋಟಿನಿಂದಲೇ ಆವಾಜು ಏರಿಸಬಹುದು, ಇಳಿಸಬಹುದು. ಮೂರು ರಿಮೋಟು ಹಿಡಿದು ಕೂರುವ ಹಿರಿಯರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

ಡಿವಿಡಿ ಪ್ಲೇಯರಿಗೆ ಎಚ್‌ಡಿಎಂಐ ಇಲ್ಲವೇ? ಅದರ 'ಕೋಆ್ಯಕ್ಸಿಯಲ್' ಕಿಂಡಿಯಿಂದ ರಿಸೀವರಿನ ಕೋಆ್ಯಕ್ಸಿಯಲ್‌ಗೆ ನೇರ ಜೋಡಿಸಿ. ಬೇರೆ ವೈರು ಕೊಳ್ಳಬೇಡಿ, ಹಳೆಯ ಹಳದಿ ವಿಡಿಯೋ ವೈರೇ ನಡೆಯುತ್ತದೆ. ಎರಡೂ 75 ಓಮ್‌ನವೇ.

ಇನ್ನು ಖಾನಾಪುರ, ಕಣಕುಂಬಿ ಕಡೆಯವರಿಗೆ ಒಂದು ಮಾತು. ಗುಡುಗು ಶುರುವಾದ ಮೇಲಲ್ಲ, ಮೋಡ ಕವಿದಾಗಲೇ ಪ್ಲಗ್ಗಿನ ಜೊತೆ ಡಿಶ್ ಅಥವಾ ಕೇಬಲ್ಲಿನ ವೈರನ್ನೂ ಬಿಚ್ಚಿಡಿ. ಸಿಡಿಲು ಆ ದಾರಿಯಿಂದಲೂ ಬರುತ್ತದೆ.